ವ್ರತಸ್ಥ ಗುರು ಸ್ವಾಮಿ ರಾಮಾನಂದ ತೀರ್ಥರು

ಭೀಮಾ ನದಿಯ ತೀರದಲ್ಲಿರುವ ಸನ್ನತಿ ಗ್ರಾಮವು ಚಂದ್ರಲಾಂಬೆಯ ಕ್ಷೇತ್ರವೆಂದು ಕನ್ನಡ ನಾಡಿನಲ್ಲಿ ಬಹುಕಾಲದಿಂದ ಪ್ರಸಿದ್ಧವಾಗಿದೆ. ಕಲಬುರಗಿ ಜಿಲ್ಲೆಯ ಚಿತ್ತಾಪುರ ಸೀಮೆಗೆ ಸೇರಿದ ಈ ಗ್ರಾಮದಲ್ಲಿ 1986ರಲ್ಲಿ ಕಾಳಿಕಾ ಗುಡಿಯ ಮಾಳಿಗೆ ಕುಸಿದಾಗ, ದೇವಿಯ ಪೀಠಕ್ಕೆ ಆಧಾರವಾಗಿ ಬಳಕೆಯಾಗಿದ್ದ ಕಲ್ಲುಚಪ್ಪಡಿಯ ಮೇಲೆ ಸಾಮ್ರಾಟ ಅಶೋಕನ ಶಾಸನಗಳು ಬೆಳಕಿಗೆ ಬಂದವು. ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿರುವ ಆ ಬರಹಗಳಲ್ಲಿ ಎರಡು ಉಪದೇಶಗಳು ವಿಶೇಷವಾಗಿ ಮನನೀಯ. ಒಂದು, ಅಧಿಕಾರಿಗಳು ಪ್ರಜೆಗಳನ್ನು ತಮ್ಮ ಮಕ್ಕಳಂತೆ ಕಾಣಬೇಕು, ಕಾರಣವಿಲ್ಲದೆ ಯಾರನ್ನೂ ಸೆರೆಯಲ್ಲಿಟ್ಟು ಪೀಡಿಸಬಾರದು ಎಂಬುದು. ಇನ್ನೊಂದು, ತನ್ನ ಧರ್ಮವನ್ನು ಮೆರೆಸುವ ಭರದಲ್ಲಿ ಪರಧರ್ಮವನ್ನು ಹಳಿಯಬಾರದು ಎಂಬುದು.

ಈ ಶಿಲೆ ಬೆಳಕಿಗೆ ಬರುವುದಕ್ಕೆ ಸುಮಾರು ಐವತ್ತು ವರ್ಷಗಳ ಹಿಂದೆ, ಇದೇ ಸೀಮೆಯ ಜನರು ಈ ಎರಡೂ ಉಪದೇಶಗಳಿಗೆ ವಿರುದ್ಧವಾದ ಕಾಲವನ್ನು ಕಂಡರು. ಆಗ ಸನ್ನತಿ, ಚಿತ್ತಾಪುರ, ಸೇಡಂ, ಶಹಾಬಾದ, ವಾಡಿ, ಚಿಂಚೋಳಿಗಳೆಲ್ಲ ಹೈದರಾಬಾದ್ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಸಭೆ ಸೇರಿದವರಿಗೂ ಹಾಡು ಹಾಡಿದ ವಿದ್ಯಾರ್ಥಿಗಳಿಗೂ ಶಿಕ್ಷೆ ಕಾದಿತ್ತು. ಅಂಥ ಕಾಲದಲ್ಲಿ ಅನ್ಯಾಯದ ಕಾಯಿದೆಯನ್ನು ವಿನಯದಿಂದ ಮುರಿಯುವುದು ಹೇಗೆ, ಮುರಿದುದಕ್ಕೆ ಬರುವ ಶಿಕ್ಷೆಯನ್ನು ದ್ವೇಷವಿಲ್ಲದೆ ಅನುಭವಿಸುವುದು ಹೇಗೆ ಎಂಬುದನ್ನು ಜನರಿಗೆ ಕಲಿಸಿದವರಲ್ಲಿ ಅಗ್ರಗಣ್ಯರು ಸ್ವಾಮಿ ರಾಮಾನಂದ ತೀರ್ಥರು. ಅವರು ಜೈನರಲ್ಲ, ವೇದಾಂತ ಪರಂಪರೆಯ ಸನ್ಯಾಸಿಗಳು. ಆದರೆ ಅವರ ಬಾಳೆಲ್ಲ ವ್ರತದ ಸುತ್ತಲೇ ಬೆಳೆದುದರಿಂದ, ವ್ರತವನ್ನು ಜೀವನದ ಆಧಾರವೆಂದು ತಿಳಿದವರಿಗೆ ಅವರ ಚರಿತ್ರೆ ಪರಿಚಿತವೆನಿಸದೆ ಇರದು.

ಬಾಲ್ಯ ಮತ್ತು ಮೊದಲ ವ್ರತ

ಅವರ ಪೂರ್ವಾಶ್ರಮದ ಹೆಸರು ವೆಂಕಟೇಶ ಖೇಡಗೀಕರ. 1903ನೆಯ ಇಸವಿ ಅಕ್ಟೋಬರ್ 3ರಂದು ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಜನನ. ಮಾಧ್ಯಮಿಕ ವಿದ್ಯಾಭ್ಯಾಸಕ್ಕಾಗಿ ಅವರು ಬ್ರಿಟಿಷ್ ಆಡಳಿತದಲ್ಲಿದ್ದ ಸೊಲ್ಲಾಪುರಕ್ಕೆ ಹೋದರು. ಭೀಮಾ ತೀರದ ಕನ್ನಡಿಗರಿಗೆ ಸೊಲ್ಲಾಪುರವು ದೂರದ ಊರಲ್ಲ. ವ್ಯಾಪಾರ, ಗಿರಣಿ, ಶಾಲೆ ಎಲ್ಲಕ್ಕೂ ಜನ ಅಲ್ಲಿಗೇ ಹೋಗಿ ಬರುತ್ತಿದ್ದರು. ಕನ್ನಡವೂ ಮರಾಠಿಯೂ ಬೆರೆತ ಆ ನಗರದಲ್ಲಿ ಬಾಲಕನಿಗೆ ಎರಡು ಭಾಷೆಗಳ ಜೊತೆಗೆ ದೇಶಭಕ್ತಿಯ ಪರಿಚಯವೂ ಆಯಿತು.

1920ರ ಆಗಸ್ಟ್ 1ರಂದು ಲೋಕಮಾನ್ಯ ತಿಲಕರು ತೀರಿಕೊಂಡರು. ಆ ದುಃಖದ ಸಮಯದಲ್ಲಿ ಹದಿನಾರು ವರ್ಷದ ವೆಂಕಟೇಶನು ಆಜೀವ ಬ್ರಹ್ಮಚಾರಿಯಾಗಿದ್ದು ದೇಶಸೇವೆಗೆ ಬಾಳನ್ನು ಮುಡಿಪಾಗಿಡುವ ಸಂಕಲ್ಪ ಮಾಡಿದನು. ಎಳೆಯ ವಯಸ್ಸಿನ ಸಂಕಲ್ಪಗಳು ಬಹುಮಟ್ಟಿಗೆ ಭಾವಾವೇಶದಲ್ಲಿ ಹುಟ್ಟಿ ಕೆಲವು ದಿನಗಳಲ್ಲಿ ಕರಗಿಹೋಗುತ್ತವೆ. ಈ ಸಂಕಲ್ಪ ಐವತ್ತೊಂದು ವರ್ಷಗಳ ಕಾಲ, ಅಂದರೆ ಅವರ ಕೊನೆಯುಸಿರಿನವರೆಗೆ ನಡೆಯಿತು.

ಅದೇ ಕಾಲದಲ್ಲಿ ಗಾಂಧೀಜಿಯವರು ಅಸಹಕಾರ ಚಳವಳಿಗೆ ಕರೆಯಿತ್ತರು. ವೆಂಕಟೇಶನು ಸರಕಾರಿ ಶಾಲೆಯನ್ನು ತೊರೆದು ಅಮಳನೇರದ ರಾಷ್ಟ್ರೀಯ ಶಾಲೆಯಲ್ಲಿ ಓದಿದನು. ಆ ಮೇಲೆ ಪುಣೆಯ ತಿಲಕ ಮಹಾರಾಷ್ಟ್ರ ವಿದ್ಯಾಪೀಠದಲ್ಲಿ ಉನ್ನತ ವ್ಯಾಸಂಗ ಮಾಡಿದನು. ಸರಕಾರದ ಮುದ್ರೆಯಿಲ್ಲದ ಆ ವಿದ್ಯೆಯಿಂದ ನೌಕರಿ ದೊರೆಯುವಂತಿರಲಿಲ್ಲ. ಅಸಹಕಾರದ ಮೊದಲ ಪಾಠವನ್ನು ಅವರು ಕಲಿತದ್ದು ಹೀಗೆ: ಅನ್ಯಾಯವನ್ನು ಒಲ್ಲೆನೆನ್ನುವವನು ಅನ್ಯಾಯದಿಂದ ತನಗೆ ದೊರೆಯುವ ಲಾಭವನ್ನೂ ಒಲ್ಲೆನೆನ್ನಬೇಕು. ಪುಣೆಯ ವ್ಯಾಸಂಗದ ಬಳಿಕ ಅವರು ಪ್ರಸಿದ್ಧ ಕಾರ್ಮಿಕ ನಾಯಕರಾದ ಎನ್.ಎಂ. ಜೋಶಿಯವರ ಸಹಾಯಕರಾಗಿ ದುಡಿದರು. ಶ್ರಮಿಕರ ಬವಣೆಯನ್ನು ಹತ್ತಿರದಿಂದ ಕಂಡರು. ಆದರೆ ದೇಹಸ್ಥಿತಿ ಕೆಟ್ಟು ಆ ಕೆಲಸವನ್ನು ಬಿಡಬೇಕಾಯಿತು.

ಹಿಪ್ಪರಗೆಯ ಶಾಲೆ

ನಿಜಾಮರ ಸಂಸ್ಥಾನದ ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಾ ಎಂಬ ಹಳ್ಳಿಯಲ್ಲಿ 1921ರಲ್ಲಿ ರಾಷ್ಟ್ರೀಯ ಶಾಲೆಯೊಂದು ಸ್ಥಾಪಿತವಾಗಿತ್ತು. 1929ರ ಸುಮಾರಿಗೆ ವೆಂಕಟೇಶ ಖೇಡಗೀಕರರು ಅಲ್ಲಿಗೆ ಬಂದು ಮುಖ್ಯೋಪಾಧ್ಯಾಯರಾದರು. ಆ ಶಾಲೆಯ ಮಹತ್ವವನ್ನು ತಿಳಿಯಬೇಕಾದರೆ ಸಂಸ್ಥಾನದ ಸ್ಥಿತಿಯನ್ನು ಸ್ವಲ್ಪ ತಿಳಿಯಬೇಕು.

ಹೈದರಾಬಾದ್ ಸಂಸ್ಥಾನದಲ್ಲಿ 16 ಜಿಲ್ಲೆಗಳಿದ್ದವು. ತೆಲುಗು, ಮರಾಠಿ, ಕನ್ನಡಗಳನ್ನಾಡುವವರೇ ಅಲ್ಲಿ ಬಹುಸಂಖ್ಯಾತರು. ಗುಲ್ಬರ್ಗಾ, ರಾಯಚೂರು, ಬೀದರ ಜಿಲ್ಲೆಗಳಲ್ಲಿ ಕನ್ನಡವು ನೆಲೆಯೂರಿತ್ತು. ಆದರೆ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯೂ ಉರ್ದುವಿನಲ್ಲಿಯೇ ನಡೆಯುತ್ತಿತ್ತು. ಖಾಸಗಿ ಶಾಲೆ ತೆರೆಯಬೇಕಾದರೆ ಸರಕಾರದ ಪರವಾನಗಿ ಬೇಕು. ಸಾರ್ವಜನಿಕ ಸಭೆ ನಡೆಸಬೇಕಾದರೆ ಮೊದಲೇ ಅಪ್ಪಣೆ ಪಡೆಯಬೇಕು. ಆ ಕುರಿತು ಹೊರಟ 53ನೆಯ ಗಸ್ತಿ ಎಂಬ ಸುತ್ತೋಲೆಯ ಹೆಸರು ಕೇಳಿದರೆ ಕಾರ್ಯಕರ್ತರು ಬೇಸರಗೊಳ್ಳುತ್ತಿದ್ದರು. ರಾಜಕೀಯ ಸಂಸ್ಥೆಗಳಿಗೆ ಅವಕಾಶವಿಲ್ಲದ ಕಾರಣ ಭಾಷೆ ಸಂಸ್ಕೃತಿಗಳ ಹೆಸರಿನಲ್ಲಿ ಆಂಧ್ರ, ಮಹಾರಾಷ್ಟ್ರ, ಕರ್ನಾಟಕ ಪರಿಷತ್ತುಗಳು ಹುಟ್ಟಿಕೊಂಡವು. ಇಂಥ ನಾಡಿನಲ್ಲಿ ತಾಯ್ನುಡಿಯಲ್ಲಿ ಕಲಿಸುವ ಸ್ವತಂತ್ರ ಶಾಲೆಯನ್ನು ನಡೆಸುವುದೇ ಒಂದು ಸತ್ಯಾಗ್ರಹವಾಗಿತ್ತು.

ಖೇಡಗೀಕರರು ಅಲ್ಲಿ ಸಂಬಳಕ್ಕಾಗಿ ದುಡಿಯುವ ಮಾಸ್ತರರಾಗಿ ಇರಲಿಲ್ಲ. ತಮಗೆಂದು ಮನೆ, ಆಸ್ತಿ, ಸಂಸಾರ ಯಾವುದನ್ನೂ ಮಾಡಿಕೊಳ್ಳದ ಗುರುವಿನ ಮುಂದೆ ಮಕ್ಕಳು ಕಲಿತರು. ಅಪರಿಗ್ರಹದ ಬಗ್ಗೆ ನೂರು ಮಾತುಗಳನ್ನು ಹೇಳುವುದಕ್ಕಿಂತ ಅಪರಿಗ್ರಹಿಯೊಬ್ಬನು ಎದುರಿಗಿರುವುದು ದೊಡ್ಡ ಪಾಠ. 1932ರ ಜನವರಿ 14ರಂದು, ಮಕರ ಸಂಕ್ರಾಂತಿಯ ದಿನ, ಅವರು ಸ್ವಾಮಿ ರಾಮತೀರ್ಥರ ಪರಂಪರೆಯಲ್ಲಿ ಸನ್ಯಾಸ ಸ್ವೀಕರಿಸಿ ಸ್ವಾಮಿ ರಾಮಾನಂದ ತೀರ್ಥರಾದರು. ಸನ್ಯಾಸವೆಂದರೆ ಲೋಕದಿಂದ ದೂರ ಸರಿಯುವುದೆಂದು ಸಾಮಾನ್ಯರು ಭಾವಿಸುತ್ತಾರೆ. ಸ್ವಾಮೀಜಿ ಕಾವಿಯುಟ್ಟ ಮರುದಿನವೂ ತರಗತಿಯಲ್ಲಿಯೇ ಉಳಿದರು. ಸರಕಾರದ ಕಣ್ಣು ಶಾಲೆಯ ಮೇಲೆ ಬಿದ್ದು ಅಲ್ಲಿ ಕೆಲಸ ಕಷ್ಟವಾದಾಗ, 1935ರಲ್ಲಿ ಅವರೂ ಬಾಬಾಸಾಹೇಬ ಪರಾಂಜಪೆಯವರೇ ಮೊದಲಾದ ಸಹೋದ್ಯೋಗಿಗಳೂ ಅಂಬಾಜೋಗಾಯಿಗೆ ಬಂದರು. ಆಗ ಮೊಮಿನಾಬಾದ್ ಎಂದು ಕರೆಯಲಾಗುತ್ತಿದ್ದ ಆ ಊರಿನ ಯೋಗೇಶ್ವರಿ ವಿದ್ಯಾಲಯದಲ್ಲಿ ಬೋಧನೆ ಮುಂದುವರಿಯಿತು.

ಕಾಯಿದೆಭಂಗವೆಂಬ ಪಾಠ

1938ರಲ್ಲಿ ಸ್ವಾಮೀಜಿ ಶಾಲೆಯನ್ನು ಬಿಟ್ಟು ಹೈದರಾಬಾದಿಗೆ ಹೋದರು. ಅದೇ ವರ್ಷ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಸ್ಥಾಪಿಸುವ ಸಿದ್ಧತೆ ನಡೆಯಿತು. ಸಂಸ್ಥೆ ವಿಧ್ಯುಕ್ತವಾಗಿ ಆರಂಭವಾಗುವ ಮುನ್ನವೇ, ಸೆಪ್ಟೆಂಬರ್ ತಿಂಗಳಲ್ಲಿ, ಸರಕಾರ ಅದನ್ನು ನಿಷೇಧಿಸಿತು. ಇನ್ನೂ ಹುಟ್ಟದ ಸಂಸ್ಥೆಯೊಂದನ್ನು ಕಾಯಿದೆಬಾಹಿರವೆಂದು ಸಾರಿದ ಈ ಘಟನೆ ಚರಿತ್ರೆಯಲ್ಲಿ ವಿರಳ.

ಅಕ್ಟೋಬರ್ 24ರಂದು ಸತ್ಯಾಗ್ರಹ ಆರಂಭವಾಯಿತು. ಗೋವಿಂದರಾವ್ ನಾನಲ್ ಅವರ ಮುಂದಾಳುತನದಲ್ಲಿ ಮೊದಲನೆಯ ತಂಡ ಬಂಧನಕ್ಕೊಳಗಾಯಿತು. ಅದೇ ತಿಂಗಳಲ್ಲಿ ಸ್ವಾಮೀಜಿಯೂ ಸೆರೆಮನೆ ಸೇರಿದರು. ಎರಡು ತಿಂಗಳ ಕಾಲ ಸಣ್ಣ ಸಣ್ಣ ತಂಡಗಳು ಒಂದಾದ ಮೇಲೊಂದರಂತೆ ಬೀದಿಗಿಳಿದು, ತಾವು ನಿಷೇಧಿತ ಸಂಸ್ಥೆಯ ಸದಸ್ಯರೆಂದು ಬಹಿರಂಗವಾಗಿ ಸಾರಿ, ಪೊಲೀಸರಿಗೆ ತಮ್ಮನ್ನು ಒಪ್ಪಿಸಿಕೊಂಡವು.

ಸವಿನಯ ಕಾಯಿದೆಭಂಗದ ಸ್ವರೂಪ ಇಲ್ಲಿ ಸ್ಪಷ್ಟವಾಗುತ್ತದೆ. ಕಳ್ಳನೂ ಕಾಯಿದೆಯನ್ನು ಮುರಿಯುತ್ತಾನೆ, ಸತ್ಯಾಗ್ರಹಿಯೂ ಮುರಿಯುತ್ತಾನೆ. ಕಳ್ಳನು ಕತ್ತಲಲ್ಲಿ ಮುರಿದು ಶಿಕ್ಷೆಯಿಂದ ತಪ್ಪಿಸಿಕೊಳ್ಳುತ್ತಾನೆ. ಸತ್ಯಾಗ್ರಹಿ ಹಾಡುಹಗಲಲ್ಲಿ, ಹೆಸರು ಹೇಳಿ, ಮುರಿದು ಶಿಕ್ಷೆಗೆ ತಲೆಬಾಗುತ್ತಾನೆ. ಅವನು ಎಲ್ಲ ಕಾಯಿದೆಗಳನ್ನೂ ಧಿಕ್ಕರಿಸುವವನಲ್ಲ. ಅಂತಃಕರಣಕ್ಕೆ ವಿರುದ್ಧವಾದ ಒಂದನ್ನು ಆರಿಸಿಕೊಂಡು, ಉಳಿದವುಗಳಿಗೆ ವಿಧೇಯನಾಗಿರುತ್ತಾನೆ. ಉಪವಾಸದ ವ್ರತವನ್ನು ಹಿಡಿದವನಿಗೆ ಇದು ಹೊಸದಲ್ಲ. ಹಸಿವಿನ ಕಷ್ಟವನ್ನು ಅವನು ಬೇರೆಯವರ ಮೇಲೆ ಹೊರಿಸುವುದಿಲ್ಲ, ತಾನೇ ಹೊರುತ್ತಾನೆ. ನೋವನ್ನು ಎದುರಾಳಿಗೆ ಕೊಡದೆ ತಾನು ಸ್ವೀಕರಿಸುವುದೇ ಎರಡಕ್ಕೂ ಸಮಾನವಾದ ತತ್ತ್ವ.

ನಿಲ್ಲಿಸುವ ಸಂಯಮ

ಅದೇ ಕಾಲದಲ್ಲಿ ಸಂಸ್ಥಾನದಲ್ಲಿ ಆರ್ಯಸಮಾಜ ಮತ್ತು ಹಿಂದೂ ಮಹಾಸಭೆಗಳೂ ತಮ್ಮ ಸತ್ಯಾಗ್ರಹಗಳನ್ನು ಆರಂಭಿಸಿದ್ದವು. ಅವುಗಳ ವಿಷಯ ಧಾರ್ಮಿಕ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದು. ಸ್ಟೇಟ್ ಕಾಂಗ್ರೆಸ್ಸಿನ ಬೇಡಿಕೆಯಾದರೋ ಎಲ್ಲ ಮತದವರಿಗೂ ಬೇಕಾದ ಜವಾಬ್ದಾರಿ ಸರಕಾರ. ಮೂರು ಚಳವಳಿಗಳೂ ಏಕಕಾಲದಲ್ಲಿ ನಡೆದರೆ, ಪ್ರಜೆಗಳ ಹಕ್ಕಿನ ಹೋರಾಟವು ಒಂದು ಮತದವರು ಇನ್ನೊಂದು ಮತದವರ ವಿರುದ್ಧ ನಡೆಸಿದ ಹೋರಾಟವೆಂದು ತೋರುವ ಅಪಾಯವಿತ್ತು. ಗಾಂಧೀಜಿಯವರು ಸ್ಟೇಟ್ ಕಾಂಗ್ರೆಸ್ಸಿಗೆ ಸತ್ಯಾಗ್ರಹವನ್ನು ನಿಲ್ಲಿಸುವಂತೆ ಸಲಹೆ ಮಾಡಿದರು. 1938ರ ಡಿಸೆಂಬರ್‌ನಲ್ಲಿ ಅದು ನಿಂತಿತು.

ಉತ್ಸಾಹದಲ್ಲಿದ್ದ ಕಾರ್ಯಕರ್ತರಿಗೆ ಈ ನಿರ್ಣಯ ಕಹಿಯಾಗದೆ ಇರಲಿಲ್ಲ. ಸೆರೆಮನೆಗೆ ಹೋಗಲು ಸಿದ್ಧರಾಗಿ ನಿಂತವರಿಗೆ ಮನೆಗೆ ಹಿಂದಿರುಗುವಂತೆ ಹೇಳುವುದು ಸುಲಭದ ಮಾತಲ್ಲ. ಆದರೆ ಉಪವಾಸಕ್ಕೆ ಸಂಕಲ್ಪವಿರುವಂತೆ ಪಾರಣೆಯೂ ಇದೆ. ಯಾವಾಗ ಆರಂಭಿಸಬೇಕೆಂಬಷ್ಟೇ ಯಾವಾಗ ಮುಗಿಸಬೇಕೆಂಬುದೂ ಶಾಸ್ತ್ರದ ವಿಷಯ. ಹಟಕ್ಕಾಗಿ ಮುಂದುವರಿಸಿದ ಉಪವಾಸವು ತಪಸ್ಸಾಗದೆ ಮಾನಕಷಾಯವಾಗುತ್ತದೆ. ಪರಧರ್ಮವನ್ನು ಹಳಿಯದಿರುವ ಸನ್ನತಿಯ ಶಿಲೆಯ ಉಪದೇಶವು ರಾಜಕೀಯದಲ್ಲಿ ಆಚರಣೆಗೆ ಬಂದರೆ ಹೇಗಿರುತ್ತದೆ ಎಂಬುದಕ್ಕೆ ಆ ಡಿಸೆಂಬರ್ ತಿಂಗಳ ನಿರ್ಣಯವು ನಿದರ್ಶನವಾಗಿದೆ.

ಗುರುವಿಲ್ಲದ ತರಗತಿ

ಸ್ವಾಮೀಜಿ ಸೆರೆಮನೆಯಲ್ಲಿದ್ದ ಆ ತಿಂಗಳುಗಳಲ್ಲಿಯೇ ವಿದ್ಯಾರ್ಥಿಗಳು ತಮ್ಮದೇ ಆದ ಪರೀಕ್ಷೆಯನ್ನು ಎದುರಿಸಿದರು. 1938ರ ಕೊನೆಯಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ವಸತಿಗೃಹಗಳಲ್ಲಿ ವಿದ್ಯಾರ್ಥಿಗಳು ಪ್ರಾರ್ಥನೆಯ ವೇಳೆ ವಂದೇ ಮಾತರಂ ಹಾಡುವುದನ್ನು ಅಧಿಕಾರಿಗಳು ತಡೆದರು. ವಿದ್ಯಾರ್ಥಿಗಳು ಹಾಡುವುದನ್ನು ಬಿಡಲಿಲ್ಲ. ಅವರನ್ನು ವಸತಿಗೃಹದಿಂದಲೂ ಕಾಲೇಜಿನಿಂದಲೂ ಹೊರಹಾಕಲಾಯಿತು. ಮುಷ್ಕರವು ಗುಲ್ಬರ್ಗಾದ ಇಂಟರ್‌ಮೀಡಿಯೆಟ್ ಕಾಲೇಜಿಗೂ ಇತರ ಊರುಗಳಿಗೂ ಹಬ್ಬಿತು. ಮುಂದೆ ಭಾರತದ ಪ್ರಧಾನಮಂತ್ರಿಗಳಾದ ಪಿ.ವಿ. ನರಸಿಂಹರಾಯರು ಹೀಗೆ ಹೊರಬಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬರು. ಅವರು ಆ ಮೇಲೆ ಸ್ವಾಮೀಜಿಯವರನ್ನು ಗುರುವೆಂದು ಭಾವಿಸಿ ನಡೆದರು.

ಇನ್ನು ಮುಂದೆ ಹಾಡುವುದಿಲ್ಲವೆಂದು ಬರೆದುಕೊಟ್ಟವರಿಗೆ ಮರಳಿ ಪ್ರವೇಶ ದೊರೆಯುವ ದಾರಿ ತೆರೆದಿತ್ತು. ಒಂದು ಸಾಲಿನ ಬರಹ, ಕೆಳಗೊಂದು ರುಜು. ಅಷ್ಟಾದರೆ ಓದು ಮುಂದುವರಿಯುತ್ತಿತ್ತು. ವಾಡಿಯಿಂದ ಚಿತ್ತಾಪುರ, ಮಳಖೇಡ, ಸೇಡಂಗಳ ಮೇಲೆ ಹಾದು ಹೈದರಾಬಾದಿಗೆ ಹೋಗುವ ರೈಲಿನಲ್ಲಿ ಮಗನನ್ನು ಓದಲು ಕಳುಹಿಸಿದ ತಂದೆತಾಯಿಗಳಿಗೆ ಆ ಓದು ಎಷ್ಟು ಬೆಲೆಯುಳ್ಳದ್ದೆಂದು ಬೇರೆ ಹೇಳಬೇಕಾಗಿಲ್ಲ. ಅಮೋಘವರ್ಷನ ಕಾಲದಲ್ಲಿ ವಿದ್ಯೆಯ ರಾಜಧಾನಿಯಾಗಿದ್ದ ಮಾನ್ಯಖೇಟದ ಸೀಮೆಯಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತುವವರೇ ವಿರಳವಾಗಿದ್ದರು. ಆದರೂ ಬಹಳ ವಿದ್ಯಾರ್ಥಿಗಳು ಬರೆದುಕೊಡಲಿಲ್ಲ. ನಾಗಪುರ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಟಿ.ಜೆ. ಕೇದಾರರು ಅವರಿಗೆ ತಮ್ಮಲ್ಲಿ ಪ್ರವೇಶ ಕೊಟ್ಟು ಆಶ್ರಯದಾತರಾದರು.

ನಾಗಪುರದ ಹೆಸರು ಅಹಿಂಸಾ ಪ್ರತಿರೋಧದ ಜಾಗತಿಕ ಚರಿತ್ರೆಯಲ್ಲಿಯೂ ಇನ್ನೊಂದು ಕಾರಣಕ್ಕೆ ಬರುತ್ತದೆ. ಅಮೆರಿಕದ ಜೇಮ್ಸ್ ಲಾಸನ್ ಎಂಬ ಯುವಕ ಕೊರಿಯಾ ಯುದ್ಧದ ಸೈನ್ಯಭರ್ತಿಗೆ ಒಪ್ಪದೆ ಸೆರೆಮನೆಯಲ್ಲಿದ್ದು ಹೊರಬಂದ ಮೇಲೆ, 1953ರಿಂದ ಸುಮಾರು ಮೂರು ವರ್ಷ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಕೆಲಸ ಮಾಡಿದರು. ಆ ಅವಧಿಯಲ್ಲಿ ಗಾಂಧೀಜಿಯವರ ಮಾರ್ಗವನ್ನು ಅಭ್ಯಾಸ ಮಾಡಿದರು. ತಾಯ್ನಾಡಿಗೆ ಹಿಂದಿರುಗಿ ನ್ಯಾಶ್‌ವಿಲ್ ನಗರದ ಕಪ್ಪು ಜನಾಂಗದ ವಿದ್ಯಾರ್ಥಿಗಳಿಗೆ ಅಹಿಂಸೆಯ ಶಿಬಿರಗಳನ್ನು ನಡೆಸಿದರು. ಅಲ್ಲಿ ಒಬ್ಬರು ಬೈಯುವವರ ಪಾತ್ರ ವಹಿಸಿ ನಿಂದಿಸುವರು, ತಳ್ಳುವರು. ಮತ್ತೊಬ್ಬರು ಕೈಯೆತ್ತದೆ, ಮಾತು ತಿರುಗಿಸದೆ ಕುಳಿತಿರುವುದನ್ನು ಅಭ್ಯಾಸ ಮಾಡುವರು. 1960ರ ಫೆಬ್ರವರಿ 13ರಂದು ಆ ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಫಲಾಹಾರ ಮಂದಿರಗಳಲ್ಲಿ ಹೋಗಿ ಸುಮ್ಮನೆ ಕುಳಿತರು. ಹೊಡೆತ ತಿಂದರು, ಸೆರೆಮನೆ ಕಂಡರು. ಮೇ 10ರಂದು ನಗರದ ಆರು ಅಂಗಡಿಗಳು ಎಲ್ಲರಿಗೂ ಸಮಾನವಾಗಿ ತೆರೆದವು.

ಇದರಿಂದ ತಿಳಿಯುವುದೇನೆಂದರೆ, ಅಹಿಂಸೆಯು ಸಂಕಟದ ಗಳಿಗೆಯಲ್ಲಿ ತಾನಾಗಿ ಒದಗಿಬರುವ ಗುಣವಲ್ಲ. ಮೊದಲೇ ಅಭ್ಯಾಸ ಮಾಡಿದವನಿಗೆ ಮಾತ್ರ ಅದು ಆ ಗಳಿಗೆಯಲ್ಲಿ ಕೈಗೆ ಸಿಕ್ಕುತ್ತದೆ. ಅಷ್ಟಾಹ್ನಿಕದಲ್ಲಿಯೋ ದಶಲಕ್ಷಣದಲ್ಲಿಯೋ ಮಕ್ಕಳು ಒಂದು ಹೊತ್ತು ಊಟ ಬಿಟ್ಟು ಕಲಿಯುವ ಸಂಯಮವೂ ಇಂಥದೇ ಅಭ್ಯಾಸ. ಹಿಪ್ಪರಗೆಯ ಶಾಲೆ ಮತ್ತು ನ್ಯಾಶ್‌ವಿಲ್ಲಿನ ಶಿಬಿರ, ಒಂದನ್ನೊಂದು ಅರಿಯದಿದ್ದರೂ, ಕಲಿಸಿದ ಪಾಠ ಒಂದೇ.

ಮತ್ತೆ ಮತ್ತೆ ಸೆರೆಮನೆ

1940ರಲ್ಲಿ ಸರಕಾರದೊಡನೆ ನಡೆದ ಸಂಧಾನ ಫಲಿಸದೆ ಸ್ಟೇಟ್ ಕಾಂಗ್ರೆಸ್ಸಿನ ನಿಷೇಧ ಮುಂದುವರಿಯಿತು. ಗಾಂಧೀಜಿಯವರ ಒಪ್ಪಿಗೆ ಪಡೆದು ವೈಯಕ್ತಿಕ ಸತ್ಯಾಗ್ರಹವನ್ನು ಆರಂಭಿಸಲಾಯಿತು. ಈ ಸಲ ಗುಂಪುಗಳಿಲ್ಲ. ಆರಿಸಿದ ಕೆಲವರು ಮಾತ್ರ. ಸ್ವಾಮೀಜಿ ಸೆಪ್ಟೆಂಬರ್ ತಿಂಗಳಲ್ಲಿ ಬಂಧಿತರಾದರು. 1942ರ ಆಗಸ್ಟ್‌ನಲ್ಲಿ ಮುಂಬಯಿಯ ಕಾಂಗ್ರೆಸ್ ಅಧಿವೇಶನದಿಂದ ಹಿಂದಿರುಗುತ್ತಿದ್ದಂತೆ ಮತ್ತೆ ಬಂಧನವಾಯಿತು. ಸೆರೆಮನೆಗೆ ಹೋಗುವುದೂ ಹೊರಬರುವುದೂ ಅವರಿಗೆ ಋತುಚಕ್ರದಂತೆ ಸಹಜವಾಗಿಬಿಟ್ಟಿತು. ಅವರ ಹಿಂದೆ ಅಳುವ ಸಂಸಾರವಿರಲಿಲ್ಲ, ಜಪ್ತಿಯಾಗುವ ಆಸ್ತಿಯಿರಲಿಲ್ಲ. ಹದಿನಾರನೆಯ ವಯಸ್ಸಿನ ವ್ರತದ ಪ್ರಯೋಜನ ಈಗ ಕಂಡಿತು. ಏನನ್ನೂ ಇಟ್ಟುಕೊಳ್ಳದವನನ್ನು ಬೆದರಿಸಲು ಸರಕಾರದ ಬಳಿ ಏನೂ ಇರುವುದಿಲ್ಲ.

1946ರಲ್ಲಿ ನಿಷೇಧ ತೆರವಾಯಿತು. 1947ರ ಜೂನ್‌ನಲ್ಲಿ ಹೈದರಾಬಾದಿನಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಮೊದಲ ಬಹಿರಂಗ ಅಧಿವೇಶನ ಸ್ವಾಮೀಜಿಯವರ ಅಧ್ಯಕ್ಷತೆಯಲ್ಲಿ ನೆರವೇರಿತು. ಅದೇ ತಿಂಗಳು ನಿಜಾಮರು ಸ್ವತಂತ್ರರಾಗಿ ಉಳಿಯುವ ಇಂಗಿತವನ್ನು ಸಾರಿದ್ದರು. ಆಗಸ್ಟ್ 7ರಂದು ಭಾರತ ಒಕ್ಕೂಟವನ್ನು ಸೇರುವ ದಿನವನ್ನು ಆಚರಿಸಲಾಯಿತು. ಆಗಸ್ಟ್ 15ರಂದು ದೇಶವೆಲ್ಲ ಹಬ್ಬವನ್ನಾಚರಿಸುತ್ತಿದ್ದಾಗ, ರಾಷ್ಟ್ರಧ್ವಜವನ್ನು ಹಾರಿಸಿದುದಕ್ಕಾಗಿ ಸ್ವಾಮೀಜಿಯವರನ್ನು ಹೈದರಾಬಾದಿನಲ್ಲಿ ಬಂಧಿಸಲಾಯಿತು. ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ತರಗತಿ ಬಿಟ್ಟು ಚಳವಳಿಗೆ ಧುಮುಕಿದರು. ನವೆಂಬರ್ 29ರ ಯಥಾಸ್ಥಿತಿ ಒಪ್ಪಂದದ ವೇಳೆಗೆ ಸ್ವಾಮೀಜಿಯ ಬಿಡುಗಡೆಯಾಯಿತಾದರೂ, 1948ರ ಜನವರಿ 26ರಂದು ಮತ್ತೆ ಸೆರೆಮನೆ ಸೇರಿದರು.

ವ್ರತದ ಕಠಿಣ ಪರೀಕ್ಷೆ

ಸ್ವಾಮೀಜಿಯ ಚರಿತ್ರೆಯನ್ನು ಹೇಳುವವರು ಈ ಭಾಗವನ್ನು ಬೇಗ ದಾಟಿಹೋಗುವುದುಂಟು. ಅಹಿಂಸೆಯನ್ನು ವ್ರತವೆಂದು ನಂಬಿದವರು ಇಲ್ಲಿಯೇ ನಿಂತು ನೋಡಬೇಕು.

ರಜಾಕಾರರೆಂಬ ಸಶಸ್ತ್ರ ಪಡೆಯವರ ಹಾವಳಿ ಹಳ್ಳಿಹಳ್ಳಿಗೂ ಹಬ್ಬಿತು. ಬೀದರ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಆ ಸೀಮೆಯ ಜನ ಮರೆತಿಲ್ಲ. ಅಸಂಖ್ಯ ಕುಟುಂಬಗಳು ಗಡಿ ದಾಟಿ ಸೊಲ್ಲಾಪುರ, ವಿಜಾಪುರ, ಗದಗಗಳ ಕಡೆಗೆ ವಲಸೆ ಹೋದವು. ಗಡಿಯ ಆಚೆ ಸ್ಟೇಟ್ ಕಾಂಗ್ರೆಸ್ಸಿನ ಕ್ರಿಯಾ ಸಮಿತಿಯವರು ಶಿಬಿರಗಳನ್ನು ಸ್ಥಾಪಿಸಿದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಶಿಬಿರಗಳನ್ನು ನಡೆಸಿದರು. ಈ ಶಿಬಿರಗಳವರು ಆಯುಧ ಹಿಡಿದರು. ಸುಂಕದ ನಾಕೆಗಳನ್ನೂ ಪೊಲೀಸ್ ಠಾಣೆಗಳನ್ನೂ ಆಕ್ರಮಿಸಿದರು. 1948ರ ಜನವರಿಯಲ್ಲಿ ಮರಾಠವಾಡಾದ ಉಮರಿಯ ಬ್ಯಾಂಕು ಕೊಳ್ಳೆಯಾಯಿತು. ಅದೇ ತಿಂಗಳ ಕೊನೆಯಲ್ಲಿ ಗಾಂಧೀಜಿಯವರು ದೆಹಲಿಯಲ್ಲಿ ಹತರಾದರು. ತರಗತಿ ಬಿಟ್ಟುಬಂದ ವಿದ್ಯಾರ್ಥಿಗಳಲ್ಲಿ ಕೆಲವರ ಕೈಯಲ್ಲಿಯೂ ಬಂದೂಕು ಬಂತು. ಆಗ ಸ್ವಾಮೀಜಿ ಸೆರೆಮನೆಯಲ್ಲಿದ್ದರು ನಿಜ. ಆದರೆ ಅಧ್ಯಕ್ಷರಾಗಿ ಅವರು ಆ ಶಿಬಿರಗಳನ್ನು ತಮ್ಮದಲ್ಲವೆಂದು ಕೈಬಿಡಲಿಲ್ಲ.

ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ ವಿವರಿಸುವ ಪದ್ಧತಿ ಜೈನ ಸಮಾಜದಲ್ಲಿ ಎಲ್ಲರಿಗೂ ವಿದಿತ. ಅಣುವ್ರತಿಯಾದ ಗೃಹಸ್ಥನು ಸಂಕಲ್ಪಿ ಹಿಂಸೆಯನ್ನು ಸಂಪೂರ್ಣವಾಗಿ ಬಿಡಬೇಕು. ಮನೆಮಾರು, ಮಡದಿಮಕ್ಕಳ ರಕ್ಷಣೆಗಾಗಿ ಎದುರು ನಿಲ್ಲುವಾಗ ಒದಗುವ ವಿರೋಧಿ ಹಿಂಸೆಯನ್ನು ಅವನು ಪೂರ್ಣವಾಗಿ ತಪ್ಪಿಸಲಾರನೆಂದು ಒಪ್ಪಲಾಗಿದೆ. ಆದರೆ ಒಪ್ಪಿದ ಮಾತ್ರಕ್ಕೆ ಅದು ಹಿಂಸೆಯಲ್ಲವೆಂದು ಯಾವ ಆಚಾರ್ಯರೂ ಹೇಳಲಿಲ್ಲ. ಅದರ ಬಂಧ ಬಂಧವೇ. ರಕ್ಷಣೆಗಾಗಿ ಎತ್ತಿದ ಕೈಗೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯದೆ ಹೋಗುವುದೇ ದೊಡ್ಡ ಭಯ.

ಆ ಭಯ ನಿಜವಾಯಿತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಸ್ವಾಮೀಜಿ ಬಿಡುಗಡೆ ಹೊಂದಿದರು. ಆದರೆ ವಿಜಯದ ಬೆನ್ನಿಗೇ ಹಲವು ಜಿಲ್ಲೆಗಳಲ್ಲಿ ಮುಸಲ್ಮಾನರ ಮೇಲೆ ಸೇಡಿನ ದಾಳಿಗಳು ನಡೆದವು. ರಜಾಕಾರರೊಡನೆ ಯಾವ ಸಂಬಂಧವೂ ಇಲ್ಲದ ಒಕ್ಕಲಿಗರು, ಕೂಲಿಕಾರರು, ಹೆಂಗಸರು, ಮಕ್ಕಳು ಬಲಿಯಾದರು. ಭಾರತ ಸರಕಾರ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಸಂಸ್ಥಾನದಲ್ಲೆಲ್ಲ 27,000ದಿಂದ 40,000 ಮಂದಿ ಸತ್ತಿರಬೇಕೆಂದು ಅಂದಾಜು ಮಾಡಿತು. ಹೆಚ್ಚಿನ ಹಾನಿಗೀಡಾದ ಜಿಲ್ಲೆಗಳೆಂದು ಅದು ಹೆಸರಿಸಿದ ನಾಲ್ಕರಲ್ಲಿ ಉಸ್ಮಾನಾಬಾದ್, ಬೀದರ, ನಾಂದೇಡಗಳ ಜೊತೆಗೆ ಗುಲ್ಬರ್ಗಾವೂ ಇದೆ. ಆ ವರದಿಯನ್ನು ದಶಕಗಳ ಕಾಲ ಪ್ರಕಟಿಸದೆ ಇಡಲಾಗಿತ್ತು.

ಹತ್ತು ವರ್ಷಗಳ ಹಿಂದೆ ಮತದ್ವೇಷದ ನೆರಳು ಬೀಳಬಾರದೆಂದು ಸತ್ಯಾಗ್ರಹವನ್ನೇ ನಿಲ್ಲಿಸಿದ ಚಳವಳಿಯ ನಾಡಿನಲ್ಲಿಯೇ ಹೀಗಾಯಿತು. ಸ್ವಾಮೀಜಿಯವರ ಶಾಲೆಗಳಲ್ಲಿ ಕಲಿತವರು ನೂರಾರು ಮಂದಿ. ಸಂಸ್ಥಾನದ ಜನಸಂಖ್ಯೆ ಒಂದೂವರೆ ಕೋಟಿಗೂ ಮೀರಿದ್ದು. ಅಭ್ಯಾಸವಿಲ್ಲದ ಜನಸಮೂಹದಿಂದ ವ್ರತವನ್ನು ನಿರೀಕ್ಷಿಸಲಾಗದು. ಈ ನಾಡಿನ ವಿಮೋಚನೆಯ ಕಥೆಯನ್ನು ಮಕ್ಕಳಿಗೆ ಹೇಳುವಾಗ ಗೋರಟಾದ ಹತ್ಯೆಯನ್ನೂ ಅದರ ತರುವಾಯದ ಹತ್ಯೆಗಳನ್ನೂ ಕೂಡಿಯೇ ಹೇಳಬೇಕು. ಅವರ ದೋಷವನ್ನು ಮಾತ್ರ ಎಣಿಸಿ ನಮ್ಮದನ್ನು ಮರೆತರೆ ಅದು ಪ್ರತಿಕ್ರಮಣವಾಗುವುದಿಲ್ಲ.

ಅಧಿಕಾರದ ಸಮೀಪದಲ್ಲಿ

ಸ್ವಾತಂತ್ರ್ಯಾನಂತರ ಸ್ವಾಮೀಜಿ ಮಂತ್ರಿಪದವಿಯ ಹಿಂದೆ ಹೋಗಲಿಲ್ಲ. 1952ರ ಪ್ರಥಮ ಮಹಾಚುನಾವಣೆಯಲ್ಲಿ ಗುಲ್ಬರ್ಗಾ ಕ್ಷೇತ್ರದಿಂದ ಲೋಕಸಭೆಗೆ ಆರಿಸಿಬಂದರು, 1957ರಲ್ಲಿ ಔರಂಗಾಬಾದಿನಿಂದ. ಹೈದರಾಬಾದ್ ಸಂಸ್ಥಾನವು ಹಾಗೆಯೇ ಒಂದು ರಾಜ್ಯವಾಗಿ ಉಳಿಯಬೇಕೆಂದು ಹಲವು ಪ್ರಭಾವಿಗಳು ಬಯಸಿದ್ದರು. ಸ್ವಾಮೀಜಿ ಅದನ್ನು ಒಪ್ಪದೆ, ಪ್ರತಿಯೊಂದು ಭಾಷೆಯ ಜನರೂ ತಮ್ಮ ಭಾಷೆಯ ರಾಜ್ಯವನ್ನು ಸೇರಬೇಕೆಂದು ಎತ್ತಿ ಹಿಡಿದರು. ಹಾಗೆ ಮಾಡುವುದರಿಂದ ತಾವು ಕಟ್ಟಿ ಬೆಳೆಸಿದ ಸ್ಟೇಟ್ ಕಾಂಗ್ರೆಸ್ಸಿನ ಕ್ಷೇತ್ರವೇ ಮೂರು ಪಾಲಾಗುವುದೆಂದು ಅವರಿಗೆ ತಿಳಿದಿತ್ತು. 1956ರ ನವೆಂಬರ್ 1ರಂದು ಗುಲ್ಬರ್ಗಾ, ರಾಯಚೂರು, ಬೀದರಗಳ ಕನ್ನಡ ಪ್ರದೇಶಗಳು ಮೈಸೂರು ರಾಜ್ಯದಲ್ಲಿ ಸೇರಿದವು. ತಾನು ಕಟ್ಟಿದ್ದನ್ನು ಜನಹಿತಕ್ಕಾಗಿ ಬಿಟ್ಟುಕೊಡುವುದೂ ಪರಿಗ್ರಹ ತ್ಯಾಗದ ಒಂದು ರೂಪವೇ ಸರಿ.

ಮುಂದೆ ಅವರು ತಮ್ಮ ಹೋರಾಟದ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದು 1967ರಲ್ಲಿ ಪ್ರಕಟಿಸಿದರು. 1972ರ ಜನವರಿ 22ರಂದು ಹೈದರಾಬಾದಿನಲ್ಲಿ ದೇಹಾವಸಾನವಾಯಿತು. ಅಲ್ಲಿಯ ಬೇಗಂಪೇಟೆಯಲ್ಲಿ ಅವರ ಸಮಾಧಿಯಿದೆ. 1994ರಲ್ಲಿ ನಾಂದೇಡದಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಡಲಾಗಿದೆ.

ಸಪ್ಟೆಂಬರ್ 17 ಬಂದಾಗ ಕಲಬುರಗಿ ಸೀಮೆಯ ಶಾಲೆಗಳಲ್ಲಿ ಧ್ವಜ ಏರುತ್ತದೆ, ಭಾಷಣಗಳಾಗುತ್ತವೆ, ಮಕ್ಕಳಿಗೆ ಸಿಹಿ ಹಂಚುತ್ತಾರೆ. ಆ ದಿನ ಉಪಾಧ್ಯಾಯರು ವಿದ್ಯಾರ್ಥಿಗಳ ಮುಂದೆ ಒಂದು ಪ್ರಶ್ನೆಯನ್ನಿಟ್ಟರೆ ಉಪಯುಕ್ತವಾದೀತು: ಒಂದು ಸಾಲು ಬರೆದು ರುಜು ಹಾಕಿದರೆ ಓದು ಮುಂದುವರಿಯುವುದಾದರೆ, ಬರೆದುಕೊಡದೆ ನಿಲ್ಲುವ ಶಕ್ತಿ ಎಲ್ಲಿಂದ ಬರುತ್ತದೆ? ಅದಕ್ಕೆ ಪುಸ್ತಕದಲ್ಲಿ ಸಿದ್ಧ ಉತ್ತರವಿಲ್ಲ. ಇಂದು ಸಂಜೆ ಊಟಕ್ಕೆ ಮುನ್ನ ಹಿಡಿದ ಒಂದು ಸಣ್ಣ ನಿಯಮವನ್ನು, ಯಾರೂ ನೋಡದಿದ್ದರೂ, ಮುರಿಯದೆ ಇರುವುದರಿಂದ ಆ ಶಕ್ತಿ ಬರುತ್ತದೆ. ಕೋಪ ಬಂದಾಗ ಒಂದು ಗಳಿಗೆ ಮೌನವಾಗಿರುವುದರಿಂದ ಬರುತ್ತದೆ. ತಪ್ಪಿದಾಗ ಮುಚ್ಚಿಡದೆ ಒಪ್ಪಿಕೊಂಡು ಮರಳಿ ಆರಂಭಿಸುವುದರಿಂದ ಬರುತ್ತದೆ. ಹದಿನಾರು ವರ್ಷದ ಬಾಲಕನೊಬ್ಬನ ಸಂಕಲ್ಪದಿಂದ ಇಷ್ಟೆಲ್ಲ ಬೆಳೆದ ಕಥೆ ಈ ನೆಲದ್ದೇ ಆಗಿರುವಾಗ, ಆ ವಯಸ್ಸಿನ ಮಕ್ಕಳ ಸಂಕಲ್ಪವನ್ನು ಹಿರಿಯರು ಎಳೆತನವೆಂದು ನಕ್ಕು ತಳ್ಳಿಹಾಕದಿರಲಿ.